ಸತ್ಯಾಂಶ: 1857ರ ಸಿಪಾಯಿಗಳು ಸೆಲ್ಯುಲರ್ ಜೈಲಿಗೆ ಬಂದಿಳಿದರೇ?

‘1857ರ ದಂಗೆಯ ಸಿಪಾಯಿಗಳನ್ನು ಕೂಡಿಹಾಕಲು ಬ್ರಿಟಿಷರು ಅಂಡಮಾನಿನ ಸೆಲ್ಯುಲರ್ ಜೈಲು ಕಟ್ಟಿದರು, ವೈಸರಾಯ್ ಲಾರ್ಡ್ ಮೇಯೋನನ್ನು ಕೊಂದ ಶೇರ್ ಅಲಿಗೆ ಅಲ್ಲೇ ಗಲ್ಲಾಯಿತು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ದಂಗೆಯ ನಂತರದ ಮೊದಲ 200 ಕೈದಿಗಳು ಅಂಡಮಾನಿಗೆ ಬಂದದ್ದು 1858ರ ಮಾರ್ಚ್‌ನಲ್ಲಿ. ಆಗ ಅಲ್ಲಿ ಜೈಲೇ ಇರಲಿಲ್ಲ. ಕಾಡು ಕಡಿದು ವಸಾಹತು ಕಟ್ಟುವುದೇ ಅವರಿಗೆ ಸಿಕ್ಕ ಶಿಕ್ಷೆ. ಮುಂದೆ ವೈಪರ್ ದ್ವೀಪದಲ್ಲಿ ಸೆರೆಮನೆ ಎದ್ದಿತು. ಶೇರ್ ಅಲಿಯನ್ನು 1872ರಲ್ಲಿ ಗಲ್ಲಿಗೇರಿಸಿದ್ದು ಆ ದ್ವೀಪದಲ್ಲಿ.

ಸೆಲ್ಯುಲರ್ ಜೈಲಿನ ಕೆಲಸ ಶುರುವಾದದ್ದು 1896ರಲ್ಲಿ, ಮುಗಿದದ್ದು 1906ರಲ್ಲಿ. ನಡುಗೋಪುರದಿಂದ ಚಕ್ರದ ಅರಗಳಂತೆ ಹೊರಟ ಮೂರಂತಸ್ತಿನ ಏಳು ಸಾಲು, 690ಕ್ಕೂ ಹೆಚ್ಚು ಕೋಣೆ. ಕೋಣೆಯೊಂದು ಸುಮಾರು ನಾಲ್ಕೂವರೆ ಮೀಟರ್ ಉದ್ದ, 2.7 ಮೀಟರ್ ಅಗಲ; ಗಾಳಿಕಿಂಡಿ ಮೂರು ಮೀಟರ್ ಎತ್ತರದಲ್ಲಿ. ಒಂದು ಸಾಲಿನ ಬಾಗಿಲುಗಳೆದುರು ಮುಂದಿನ ಸಾಲಿನ ಬೆನ್ನುಗೋಡೆ. ಹೀಗಾಗಿ ಕೈದಿಗೆ ಇನ್ನೊಬ್ಬ ಕೈದಿಯ ಮುಖವೇ ಕಾಣದು. ಬಾಗಿಲಿನ ಅಗುಳಿಯನ್ನೂ ಹೊರಗೋಡೆಯ ಗೂಡಿನೊಳಗೆ ದೂರಕ್ಕೆ ಎಳೆದು ಬೀಗ ಹಾಕುತ್ತಿದ್ದರು. ಸರಳಿನಿಂದ ಎಷ್ಟು ಕೈಚಾಚಿದರೂ ಎಟುಕದು. ಕ್ರೌರ್ಯವನ್ನು ಇಷ್ಟು ಲೆಕ್ಕ ಹಾಕಿ ಕಟ್ಟಿದ್ದರು.

ಅಲಿಪುರ ಬಾಂಬ್ ಪ್ರಕರಣದ ಬಂಗಾಳಿ ಕ್ರಾಂತಿಕಾರಿ ಬಾರೀಂದ್ರ ಘೋಷ್ ಮುಂತಾದವರು ಇಲ್ಲಿಗೆ ಬಂದದ್ದು 1909ರಲ್ಲಿ. ಸಾವರ್ಕರ್ 1911ರಲ್ಲಿ.

ಜೈಲಿನ ಏಳು ಸಾಲುಗಳಲ್ಲಿ ಇಂದು ಉಳಿದಿರುವುದು ಮೂರು ಮಾತ್ರ. ಕೆಡವಿದ ಜಾಗದ ಒಂದು ಭಾಗದಲ್ಲಿ ಈಗ ಗೋವಿಂದ ವಲ್ಲಭ ಪಂತ್ ಆಸ್ಪತ್ರೆಯಿದೆ. ಜೈಲು ರಾಷ್ಟ್ರೀಯ ಸ್ಮಾರಕವಾದದ್ದು 1979ರ ಫೆಬ್ರವರಿ 11ರಂದು.