ಹಳೇ ಬಳ್ಳಿಯ ಶಿರಾಜ್

ರೆಡ್ ವೈನ್ ಎಂದರೆ ಬರೀ ಒಗರು ಎಂದು ದೂರ ಇಡುವ ಗೆಳೆಯರಿಗೆ ನಾನು ಹೇಳುವುದು ಒಂದೇ ಹೆಸರು: ಶಿರಾಜ್. ಒಗರು ಇದರಲ್ಲೂ ಇದೆ. ಆದರೆ ಅದರ ಬೆನ್ನಿಗೇ ಮಾಗಿದ ಕಪ್ಪು ಹಣ್ಣಿನ ರುಚಿ, ಕೊನೆಯಲ್ಲಿ ಕಾಳುಮೆಣಸಿನ ಘಾಟು. ಈ ಮೆಣಸಿನ ಮಾತು ಬರೀ ವರ್ಣನೆಯಲ್ಲ. ಕಾಳುಮೆಣಸಿಗೆ ಪರಿಮಳ ಕೊಡುವ ರೋಟಂಡೋನ್ ಎಂಬ ರಾಸಾಯನಿಕ ಈ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ತಂಪು ಸೀಮೆಯ ಬಳ್ಳಿಯಲ್ಲಿ ಮೆಣಸು ಮುಂದು, ಬಿಸಿಲ ಸೀಮೆಯಲ್ಲಿ ಹಣ್ಣು ಮುಂದು. ಐದರಲ್ಲಿ ಒಬ್ಬರ ಮೂಗಿಗೆ ಮಾತ್ರ ಆ ಘಾಟು ತಿಳಿಯುವುದೇ ಇಲ್ಲವಂತೆ, ಪಾಪ!

ಇರಾನಿನ ಶಿರಾಜ್ ನಗರದಿಂದ ಬಳ್ಳಿ ಬಂತೆಂಬ ಕಥೆಯನ್ನು ಇನ್ನಾದರೂ ಬಿಡೋಣ. ಡಿಎನ್‌ಎ ಪರೀಕ್ಷೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಸಿಕ್ಕಿದ್ದಾರೆ: ದ್ಯುರೇಜಾ ಮತ್ತು ಮೊಂದ್ಯೂಸ್ ಬ್ಲಾಂಶ್, ಎರಡೂ ಫ್ರಾನ್ಸಿನ ಆಗ್ನೇಯ ಭಾಗದ ತಳಿಗಳು. ರೋನ್ ನದಿ ದಂಡೆಯ ಎರ್ಮಿತಾಜ್ ಗುಡ್ಡದಲ್ಲಿ ಹೆಸರು ಮಾಡಿದ ಈ ದ್ರಾಕ್ಷಿಗೆ ಅಲ್ಲಿ ಇಂದಿಗೂ ಸಿರಾ ಎಂದೇ ಹೆಸರು. 1832ರಲ್ಲಿ ಆಸ್ಟ್ರೇಲಿಯಾದ ದ್ರಾಕ್ಷಿ ಕೃಷಿಯ ಪ್ರವರ್ತಕ ಜೇಮ್ಸ್ ಬಸ್ಬಿ ತಂದ ನೆಡುವ ಕಡ್ಡಿಗಳ ಜೊತೆ ಅದು ಅಲ್ಲಿಗೆ ಹೋಯಿತು.

ನನ್ನ ಮನಸ್ಸು ನಿಲ್ಲುವುದು ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲೋಕ್ಸೆರಾ ಎಂಬ ಬೇರಿನ ಕೀಟ ಯುರೋಪಿನ ತೋಟಗಳನ್ನು ಮುಗಿಸಿತು. ದಕ್ಷಿಣ ಆಸ್ಟ್ರೇಲಿಯಾಕ್ಕೆ ಅದು ಕಾಲಿಡಲಿಲ್ಲ. ಹಾಗಾಗಿ 1843ರಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇಂದಿಗೂ ಬೇರೆ ಬೇರಿಗೆ ಕಸಿ ಮಾಡದೆ ಸ್ವಂತ ಬೇರಿನ ಮೇಲೆಯೇ ಹಣ್ಣು ಕೊಡುತ್ತಿವೆ. ಕೀಟಕ್ಕೆ ಸಿಗದ ಈ ಬಳ್ಳಿಗಳಿಗೆ ಕಂಟಕವಾದದ್ದು ಮಾರುಕಟ್ಟೆ. 1980ರ ದಶಕದಲ್ಲಿ ರೆಡ್ ವೈನ್ ಕೇಳುವವರಿಲ್ಲದೆ, ಬಳ್ಳಿ ಕಿತ್ತವರಿಗೆ ಸರ್ಕಾರವೇ ಹಣ ಕೊಟ್ಟಿತು. ನೂರು ವರ್ಷದ ಬಳ್ಳಿಗಳೂ ಬೇರುಸಹಿತ ಹೋದವು. ಕೀಳದೆ ಉಳಿಸಿಕೊಂಡ ರೈತ ಕುಟುಂಬಗಳಿಗೆ ನಾವು ಋಣಿಗಳು. ಬರೋಸಾದ ವೈನ್ ತಯಾರಕ ಪೀಟರ್ ಲೆಹ್‌ಮನ್ ಅವರಿಗೂ ಅಷ್ಟೇ. ತಾವಿದ್ದ ಕಂಪನಿ ಹಣ್ಣು ಬೇಡವೆಂದಾಗ, ರೈತರಿಗೆ ಕೊಟ್ಟ ಮಾತು ತಪ್ಪಲಾರದೆ ತಮ್ಮದೇ ವೈನರಿ ಕಟ್ಟಿ ಆ ಹಣ್ಣು ಕೊಂಡವರು ಅವರು. ಆಸ್ಟ್ರೇಲಿಯಾದ ದುಬಾರಿ ಶಿರಾಜ್ ವೈನ್ ಪೆನ್‌ಫೋಲ್ಡ್ಸ್ ಗ್ರೇಂಜ್ ಬಾಟಲಿಯ ಬೆಲೆ ಹೇಳಿ ಬೆರಗಾಗುವವರು ಈ ಹೆಸರನ್ನೂ ಹೇಳಬೇಕು.

ನಮ್ಮ ನಂದಿಬೆಟ್ಟದ ತಪ್ಪಲಲ್ಲೂ ಶಿರಾಜ್ ಬೆಳೆಯುತ್ತದೆ, ಕ್ಯಾಬರ್ನೆ ಎಂಬ ಇನ್ನೊಂದು ಕಪ್ಪು ದ್ರಾಕ್ಷಿಯ ಜೊತೆ ಬೆರೆಸಿದ ವೈನ್ ಚೆನ್ನಾಗಿಯೇ ಇದೆ. ಇಲ್ಲಿನ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ, ವರ್ಷಕ್ಕೆ ಎರಡು ಸಲ ಕೊಂಬೆ ಸವರಬೇಕು. ವಯಸ್ಸಾದಂತೆ ಬಳ್ಳಿ ಕೊಡುವ ಹಣ್ಣು ಕಡಿಮೆ, ರಸ ಗಾಢ. ಟನ್ ಲೆಕ್ಕದಲ್ಲಿ ಒಂದೇ ದರ ಕೊಟ್ಟರೆ ಯಾವ ರೈತ ತಾನೇ ಹಳೇ ಬಳ್ಳಿ ಉಳಿಸಿಕೊಂಡಾನು? ಪಕ್ಕದ ಹೊಲ ಲೇಔಟ್ ಆಗುತ್ತಿರುವಾಗಲಂತೂ ಕಷ್ಟ. ವೈನರಿಗಳು ಬಳ್ಳಿಯ ವಯಸ್ಸು ನೋಡಿ ದರ ಕೊಡಲಿ, ಆ ವಯಸ್ಸನ್ನು ಬಾಟಲಿಯ ಮೇಲೂ ಬರೆಯಲಿ. ಹೆಚ್ಚು ಹಣ ಕೊಟ್ಟು ಕೊಳ್ಳಲು ನಾನು ಸಿದ್ಧ.