ರೈಫಲ್ ತೋಟೆಯನ್ನು ನಾವೇ ತುಂಬಿಕೊಳ್ಳಲು ಬಿಡಬೇಕೇ?

ಪರ: ತೂಗಿ ತುಂಬಿದ ಈಡು ಹುಸಿಯಾಗದು

ಸಕಲೇಶಪುರ, ಆಲೂರು ಕಡೆ ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಗದ್ದೆಗಿಳಿದರೆ ತಿಂದದ್ದಕ್ಕಿಂತ ತುಳಿದು ಹಾಳು ಮಾಡಿದ್ದೇ ಹೆಚ್ಚು. ಎರೆಹುಳಕ್ಕೆಂದು ಬುಡ ಕೆದಕಿ ಮಗುಚಿ ಹಾಕಿದ ಎಳೇ ಕಾಫಿ ಗಿಡ ಮತ್ತೆ ಚೇತರಿಸಿಕೊಳ್ಳುವುದು ಕಷ್ಟ. ಹಾಗೆಂದು ಶಿಕಾರಿಗೆ ಬಿಡಿ ಎಂದು ನಾನು ಕೇಳುತ್ತಿಲ್ಲ. 1972ರ ವನ್ಯಜೀವಿ ಕಾಯ್ದೆ ಇರಲೇಬೇಕು. 2022ರ ತಿದ್ದುಪಡಿಯ ನಂತರ ಕಾಡುಹಂದಿ ರಕ್ಷಿತ ಪ್ರಾಣಿಗಳ ಎರಡನೇ ಶೆಡ್ಯೂಲ್‌ನಲ್ಲಿದೆ. ಬೆಳೆಗೆ ಹಾನಿಯಾದಾಗ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟವರೋ ಲಿಖಿತ ಅನುಮತಿ ಕೊಟ್ಟರೆ ಮಾತ್ರ ಹೊಡೆಯಬಹುದು. ಅಂಥ ಅನುಮತಿ ಸಿಕ್ಕ ದಿನ ಒಂದೇ ಈಡಿಗೆ ಪ್ರಾಣಿ ಬೀಳಬೇಕು. ಗಾಯಗೊಂಡ ಹಂದಿ ಲಂಟಾನ ಪೊದೆಯಲ್ಲಿ ಸೇರಿಕೊಂಡರೆ ಮರುದಿನ ಬೆಳಿಗ್ಗೆ ಅದಕ್ಕೆ ಎದುರಾಗುವವರು ಕೋವಿಯ ಯಜಮಾನರಲ್ಲ, ಕಾಫಿ ಕುಯ್ಯಲು ಬಂದ ಹೆಣ್ಣಾಳುಗಳು.

ಅಂಗಡಿಯ ತೋಟೆ ಎಲ್ಲ ರೈಫಲ್‌ಗೂ ಹೊಂದುವಂತೆ ಮಾಡಿದ್ದು, ಆದರೆ ನಳಿಗೆಗಳು ಒಂದರಂತೆ ಒಂದಿರುವುದಿಲ್ಲ. ಈಡು ಹಾರಿದಾಗ ನಳಿಗೆ ಕಂಪಿಸುತ್ತದೆ. ಆ ಕಂಪನದ ಯಾವ ಹಂತದಲ್ಲಿ ಗುಂಡು ಬಾಯಿಂದ ಹೊರಬಿತ್ತು ಎಂಬುದರ ಮೇಲೆ ಅದು ತಾಗುವ ಜಾಗ ನಿಂತಿದೆ. ಆದ್ದರಿಂದಲೇ ಖಾಲಿ ಕೊಳವೆಗೆ ಹೊಸ ಕೇಪು, ಮದ್ದು, ಗುಂಡು ಹಾಕಿ ತಾವೇ ತೋಟೆ ತುಂಬುವವರು ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರಾಂಗೆ 15 ಗ್ರೇನ್‌ಗೂ ತುಸು ಹೆಚ್ಚು. ತಕ್ಕಡಿ ಒಂದು ಗ್ರೇನ್‌ನಲ್ಲೂ ಹತ್ತನೇ ಒಂದು ಭಾಗ ತೋರಿಸಬೇಕು. ಮದ್ದು ತಯಾರಿಸಿದವರೇ ಅಚ್ಚು ಹಾಕಿಸಿದ ಕೋಷ್ಟಕದ ಕೆಳತುದಿಯಿಂದ ಶುರುಮಾಡಿ, ಒಂದೊಂದು ತೂಕಕ್ಕೆ ಕೆಲವು ತೋಟೆ ತುಂಬಿ, 100 ಗಜದಲ್ಲಿ ಕಾಗದಕ್ಕೆ ಹೊಡೆದು ನೋಡುತ್ತಾರೆ. ಯಾವ ತೂಕಕ್ಕೆ ತೂತುಗಳು ಒತ್ತೊತ್ತಾಗಿ ಬೀಳುತ್ತವೋ ಅದು ಆ ರೈಫಲ್‌ನ ತೂಕ. ಆಮೇಲೆ ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕೆಂಬ ಪರೀಕ್ಷೆ. ನಡುವೆ ತೋಟೆಯ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು ಚಪ್ಪಟೆಯಾಗಿ ಕಂಡರೆ, ರೈಫಲ್‌ನ ಬೋಲ್ಟ್ ಎತ್ತಲು ಬಿಗಿಯಾದರೆ ಒತ್ತಡ ಮಿತಿಮೀರಿದೆ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಇಷ್ಟು ತಾಳ್ಮೆಯಿಂದ ಕೂತವನು ಕತ್ತಲೆಯಲ್ಲಿ ಸದ್ದು ಕೇಳಿದತ್ತ ಗುಂಡು ಹಾರಿಸುವವನಲ್ಲ ಎಂದೇ ನನ್ನ ನಂಬಿಕೆ.

ಇನ್ನೊಂದು ಮಾತು. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗೆ 1959ರ ಆಯುಧ ಕಾಯ್ದೆಯೇ ಲೈಸೆನ್ಸ್ ಕೊಡುತ್ತದೆ. ಆ ಕೋವಿಯವನು ಪ್ರತಿ ಈಡಿಗೂ ಮದ್ದು ಸುರಿದು, ಸಲಾಕೆಯಿಂದ ಜಡಿದು, ಚರೆ ಹಾಕುವುದೆಲ್ಲ ಅಂದಾಜಿನಲ್ಲೇ. ಅದಕ್ಕೆ ಸರಕಾರದ ಒಪ್ಪಿಗೆ ಇದೆ. ತಕ್ಕಡಿಯಲ್ಲಿ ತೂಗಿ ತುಂಬುತ್ತೇನೆ ಎಂದರೆ ಮಾತ್ರ ಅದೇ ಕಾಯ್ದೆಯ 5ನೇ ಕಲಂ ಅಡ್ಡ ಬರುತ್ತದೆ, ಪ್ರತ್ಯೇಕ ತಯಾರಿಕಾ ಲೈಸೆನ್ಸ್ ಕೇಳುತ್ತದೆ. ಮನೆಯಲ್ಲಿ ಬೇಡವಾದರೆ ರೈಫಲ್ ಕ್ಲಬ್ಬಿನಲ್ಲೇ ಆಗಲಿ. ಮದ್ದು ಅಲ್ಲಿನ ಬೀಗದಲ್ಲಿರಲಿ, ಪ್ರತಿ ತೋಟೆ ರಿಜಿಸ್ಟರಿಗೆ ಏರಲಿ. ಬೆಳೆಗಾರನಿಗೆ ಅಷ್ಟು ಅವಕಾಶ ಕೊಡಿ.

ವಿರೋಧ: ನಮ್ಮ ತೊಂದರೆ ಗುರಿಯದ್ದಲ್ಲ, ಬಿಡಿ ಮದ್ದಿನದ್ದು

ಮೂಡಿಗೆರೆ ಕಡೆಯ ತೋಟಗಳಲ್ಲಿ 100 ಗಜ ನೇರ ಕಾಣುವ ಜಾಗ ಎಲ್ಲಿದೆ ತೋರಿಸಿ. ಸಿಲ್ವರ್ ಮರ, ಮೆಣಸಿನ ಬಳ್ಳಿ, ಎದೆಯೆತ್ತರದ ಕಾಫಿ. ಹಂದಿ ಕಂಡರೆ ಮೂವತ್ತು ನಲವತ್ತು ಗಜದಲ್ಲಿ, ಅದೂ ಟಾರ್ಚಿನ ಬೆಳಕಲ್ಲಿ, ಅರೆಕ್ಷಣ. ಅಷ್ಟು ಹತ್ತಿರದಲ್ಲಿ ಅಂಗಡಿಯ ತೋಟೆಗೂ ತೂಗಿ ತುಂಬಿದ ತೋಟೆಗೂ ಗುಂಡು ಬೀಳುವ ಜಾಗದಲ್ಲಿ ಕೂದಲೆಳೆಯ ವ್ಯತ್ಯಾಸ. ಪ್ರಾಣಿ ಗಾಯಗೊಂಡು ಓಡುವುದು ಕತ್ತಲೆ, ಗಡಿಬಿಡಿ, ನಡುಗುವ ಕೈಯಿಂದ. ತಕ್ಕಡಿ ಇವುಗಳಲ್ಲಿ ಯಾವುದನ್ನೂ ಸರಿಮಾಡುವುದಿಲ್ಲ.

ಕೇಪಿನ ಕೋವಿಯ ಹೋಲಿಕೆ ಕೇಳಲು ಚೆಂದ, ಆದರೆ ಮದ್ದೇ ಬೇರೆ. ಅದರ ಕರಿಮದ್ದು ಅಳತೆಯಲ್ಲಿ ತುಸು ಹೆಚ್ಚುಕಮ್ಮಿಯಾದರೂ ತಡೆದುಕೊಳ್ಳುತ್ತದೆ. ರೈಫಲ್‌ನ ಹೊಗೆಯಿಲ್ಲದ ಮದ್ದು ಹಾಗಲ್ಲ. ಕೋಷ್ಟಕದ ಮೇಲ್ತುದಿಯ ಹತ್ತಿರ ತೂಕ ಚೂರು ಏರಿದರೂ ಒತ್ತಡ ಒಮ್ಮೆಲೇ ಜಿಗಿಯುತ್ತದೆ. ಗುಂಡು ಆಳಕ್ಕೆ ಕೂತರೂ ಏರುತ್ತದೆ, ಬಿಸಿಲಿಗೆ ಕಾದ ತೋಟೆಯಲ್ಲೂ ಏರುತ್ತದೆ. ಡಿಸೆಂಬರ್ ಚಳಿಯಲ್ಲಿ ಸರಿಯಿದ್ದ ತೂಕ ಏಪ್ರಿಲ್‌ನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿದ್ದರೆ ಹಾಗೇ ಇರುವುದಿಲ್ಲ. ಆ ಒತ್ತಡವೆಲ್ಲ ಹೊಡೆಯುವವನ ಕೆನ್ನೆಯಿಂದ ಕೆಲವೇ ಇಂಚು ದೂರದಲ್ಲಿ ನಡೆಯುವುದು. ಇದೇ ಮದ್ದನ್ನು ಯಾರಾದರೂ ಹಳೇ ಕೇಪಿನ ಕೋವಿಗೆ ಸುರಿದರೆ ನಳಿಗೆ ಸಿಡಿಯುತ್ತದೆ. ಒಂದೇ ಮನೆಯ ಒಂದೇ ಬೀರುವಿನಲ್ಲಿ ಎರಡೂ ಡಬ್ಬಿ ಇದ್ದರೆ ಅದು ಆಗದೆಂದು ಯಾರು ಹೊಣೆ ಹೊರುತ್ತಾರೆ?

ನನಗೆ ಇದಕ್ಕಿಂತ ದೊಡ್ಡ ಭಯ ಸಿಡಿಮದ್ದಿನದ್ದು. ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆಯನ್ನು ಮೇಯಲು ಬಿಟ್ಟ ಹಸುವೂ ಕಚ್ಚುತ್ತದೆ. ದವಡೆ ಹಾರಿಹೋದ ಹಸು ಮೇವು ಮುಟ್ಟಲಾಗದೆ ಸಾಯುತ್ತದೆ. 2020ರಲ್ಲಿ ಕೇರಳದ ಪಾಲಕ್ಕಾಡ್‌ನಲ್ಲಿ ಬಸುರಿ ಆನೆಯೊಂದು ಹೀಗೇ ಬಾಯಿ ಸುಟ್ಟುಕೊಂಡು ನೀರಿನಲ್ಲಿ ನಿಂತೇ ಸತ್ತಿತು. ಸಕಲೇಶಪುರದಿಂದ ಮೂಡಿಗೆರೆಯವರೆಗೆ ತೋಟದೊಳಗೇ ಆನೆ ಓಡಾಡುವ ನಾಡಿನಲ್ಲಿ ಮದ್ದು, ಕೇಪು ಬಿಡಿಬಿಡಿಯಾಗಿ ಮನೆಮನೆಗೆ ಸಿಗುವಂತಾಗಬಾರದು. ಅಂಗಡಿಯಿಂದ ತಂದ ತೋಟೆಗೆ ಲೈಸೆನ್ಸಿನಲ್ಲಿ ಲೆಕ್ಕವಿದೆ. ಖಾಲಿ ಕೊಳವೆಗಳನ್ನು ಮತ್ತೆ ಮತ್ತೆ ತುಂಬುತ್ತಾ ಹೋದರೆ ಆ ಲೆಕ್ಕಕ್ಕೆ ಅರ್ಥ ಉಳಿಯದು. 2019ರ ತಿದ್ದುಪಡಿ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು ಎಂದು ಬಿಗಿ ಮಾಡಿದ್ದು ಸುಮ್ಮನೆ ಅಲ್ಲ.

ಸ್ಪರ್ಧೆಗೆ ಅಭ್ಯಾಸ ಮಾಡುವವರು ಕ್ಲಬ್ಬಿನಲ್ಲಿ, ತರಬೇತಾದವರ ಕಣ್ಣೆದುರು ತೋಟೆ ತುಂಬಿಕೊಂಡು ಅಲ್ಲೇ ಹೊಡೆದು ಮುಗಿಸುವುದಾದರೆ ನನ್ನ ತಕರಾರಿಲ್ಲ. ಆ ತೋಟೆ ಗೇಟು ದಾಟಿ ಗದ್ದೆಗೆ ಬರಕೂಡದು. ಬೆಳೆಗಾರನಿಗೆ ಬೇಕಿರುವುದು ಭತ್ತ ಗದ್ದೆಯಲ್ಲಿರುವಾಗಲೇ ಕೈಸೇರುವ ಅನುಮತಿ. ಕೇರಳದಲ್ಲಿ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟರು; ಇಲ್ಲೂ ಅಂಥದ್ದನ್ನು ಕೇಳೋಣ. ಅನುಮತಿ ಪಡೆದವನು ಮೊದಲು ಗುರಿ ಅಭ್ಯಾಸದ ರೇಂಜಿನಲ್ಲಿ ಟಾರ್ಚ್ ಬೆಳಕಿಗೆ, ಅಂಗಡಿಯ ತೋಟೆಯಲ್ಲೇ ಹೊಡೆದು ತೋರಿಸಲಿ. ತಾಗದವನ ಹೆಸರು ಪಟ್ಟಿಯಿಂದ ಹೊಡೆದುಹಾಕಲಿ.