ಅಂದು ಬೋರ್ಡೋದಲ್ಲಿ ರೆನೋ ರಾಜೀನಾಮೆ ಕೊಡದಿದ್ದರೆ

1940ರಲ್ಲಿ ಜರ್ಮನಿಯ ದಾಳಿಗೆ ಸೋಲುತ್ತಿದ್ದ ಫ್ರಾನ್ಸ್ ಬೇರೆ ದಾರಿ ಹಿಡಿದಿದ್ದರೆ ಎಂಬ ಚರ್ಚೆ ಬಂದಾಗಲೆಲ್ಲ ಮಾತು ಮ್ಯಾಜಿನೋ ಕೋಟೆಸಾಲು, ಟ್ಯಾಂಕು, ಆರ್ಡೆನ್ ಕಾಡುಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಜೂನ್ ಎರಡನೇ ವಾರದ ಹೊತ್ತಿಗೆ ರಣರಂಗದಲ್ಲಿ ಬದಲಾಯಿಸುವಂಥದ್ದು ಏನೂ ಉಳಿದಿರಲಿಲ್ಲ. ನಿಜವಾದ ಕವಲು ಇದ್ದದ್ದು ಜೂನ್ 16ರಂದು, ಪ್ಯಾರಿಸ್ ಬಿಟ್ಟುಬಂದು ಬೋರ್ಡೋ ನಗರದಲ್ಲಿ ಸೇರಿದ್ದ ಮಂತ್ರಿಮಂಡಲದ ಮುಂದೆ.

ಅಲ್ಲಿದ್ದ ಪ್ರಶ್ನೆ ಒಂದೇ: ಸೋಲಿನ ಕಾಗದಕ್ಕೆ ಯಾರು ಸಹಿ ಹಾಕಬೇಕು? ಸೇನೆ ಶರಣಾದರೆ ಅದು ಆ ಸೇನೆಯ ಮಟ್ಟಿಗೆ. ಸರ್ಕಾರವೇ ಕದನವಿರಾಮ ಕೇಳಿದರೆ ಇಡೀ ದೇಶ, ನೌಕಾಪಡೆ, ವಸಾಹತುಗಳೆಲ್ಲ ಯುದ್ಧದಿಂದ ಹೊರಬಿದ್ದಂತೆ. ಒಂದು ತಿಂಗಳ ಹಿಂದಷ್ಟೇ ನೆದರ್ಲೆಂಡ್ಸ್ ಮೊದಲ ದಾರಿ ಹಿಡಿದಿತ್ತು. ರಾಣಿ ವಿಲ್ಹೆಲ್ಮಿನಾ ಲಂಡನ್ನಿಗೆ ಹೋದರು, ಶರಣಾಗತಿಗೆ ಸಹಿ ಹಾಕಿದ್ದು ಜನರಲ್ ವಿಂಕೆಲ್ಮನ್. ಪ್ರಧಾನಿ ಪಾಲ್ ರೆನೋ ಬಯಸಿದ್ದೂ ಅದನ್ನೇ: ಸರ್ಕಾರ ಉತ್ತರ ಆಫ್ರಿಕಾಕ್ಕೆ ಹೋಗಲಿ, ಇಲ್ಲಿನ ಸೇನೆ ಶಸ್ತ್ರ ಕೆಳಗಿಡಲಿ. ದಂಡನಾಯಕ ವೇಗಾಂ ಒಪ್ಪಲಿಲ್ಲ. ಸೇನೆಯ ಮಾನ ಹೋಗುತ್ತದೆ ಎಂಬುದು ಅವರ ವಾದ. ಮಾನ ಉಳಿಸಿಕೊಳ್ಳಲು ಸೋಲಿನ ಹೊರೆಯನ್ನು ಗಣರಾಜ್ಯದ ತಲೆಗೆ ಕಟ್ಟಿದರು ಎಂದೇ ನಾನು ಹೇಳುತ್ತೇನೆ.

ಅಂದು ಮತ ಎಣಿಸಲೇ ಇಲ್ಲ. ಬಹುಮತ ಕೈತಪ್ಪಿತೆಂದು ರೆನೋ ರಾಜೀನಾಮೆ ಕೊಟ್ಟರು. ಸಂಸತ್ತಿನ ಎರಡೂ ಸದನಗಳ ಅಧ್ಯಕ್ಷರಾದ ಝಾನ್ನೆನೇ ಮತ್ತು ಎರಿಯೋ, ಮತ್ತೆ ರೆನೋ ಅವರನ್ನೇ ಕರೆಯಿರಿ ಎಂದರು. ರಾಷ್ಟ್ರಪತಿ ಲೆಬ್ರಾಂ ಕರೆದದ್ದು ಕದನವಿರಾಮದ ಪರವಾಗಿದ್ದ ಮಾರ್ಷಲ್ ಪೇತಾಂ ಅವರನ್ನು. ಜೂನ್ 22ಕ್ಕೆ ಕದನವಿರಾಮ. ಜುಲೈ 10ರಂದು, ಮುಂದೆ ಪೇತಾಂ ಸರ್ಕಾರಕ್ಕೇ ಹೆಸರಾದ ವಿಶಿ ಪಟ್ಟಣದಲ್ಲಿ, 569 ಸಂಸದರು ಪೇತಾಂಗೆ ಪೂರ್ಣಾಧಿಕಾರ ಬರೆದುಕೊಟ್ಟರು, ಬೇಡವೆಂದವರು 80.

ಪರ್ಯಾಯ ಇತಿಹಾಸ ಕಟ್ಟುವವರು ಎಡವುವುದು ಇಲ್ಲೇ. ಜೂನ್ 16ರಂದು ರೆನೋಗೆ ಇದ್ದಕ್ಕಿದ್ದಂತೆ ಧೈರ್ಯ ತುಂಬಿದರೆ ಸಾಲದು. ಮಾರ್ಚ್‌ನಲ್ಲಿ ಒಂದೇ ಮತದ ಬಲದಲ್ಲಿ ಅಧಿಕಾರ ಹಿಡಿದವರು ಅವರು. ಪೇತಾಂರನ್ನು ಮೇ 18ರಂದು ಉಪಪ್ರಧಾನಿ ಮಾಡಿದ್ದೂ, ಮರುದಿನ ಹಳೆಯ ದಂಡನಾಯಕ ಗಾಮ್ಲಾಂ ಜಾಗಕ್ಕೆ ವೇಗಾಂರನ್ನು ತಂದದ್ದೂ ಅವರೇ. ಹಾಗಾಗಿ ಗಡಿಯಾರವನ್ನು ಮೇ 18ಕ್ಕೆ ತಿರುಗಿಸಬೇಕು. ಆಮೇಲೆ ಲೆಬ್ರಾಂ ಹಡಗು ಹತ್ತಬೇಕು. ನಿಜದಲ್ಲಿ ಜೂನ್ 21ರಂದು ಮಸ್ಸಿಲಿಯಾ ಹಡಗು ಹತ್ತಿದ್ದು 27 ಸಂಸದರು ಮಾತ್ರ. ಮೊರಾಕ್ಕೋದ ಕಾಸಾಬ್ಲಾಂಕಾ ಮುಟ್ಟುವಷ್ಟರಲ್ಲಿ ಅವರಿಗೆ ಓಡಿಹೋದವರೆಂಬ ಹಣೆಪಟ್ಟಿ ಬಿದ್ದಿತ್ತು.

ಉತ್ತರ ಆಫ್ರಿಕಾದಲ್ಲಿ ಹೋರಾಟ ಸುಲಭವಿರಲಿಲ್ಲ. ಮದ್ದುಗುಂಡು ತಯಾರಿಸುವ ದೊಡ್ಡ ಕಾರ್ಖಾನೆಗಳಿಲ್ಲ, ಎಲ್ಲವೂ ಅಮೆರಿಕದಿಂದ ಬರಬೇಕು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ದಾರಿ ಬಿಟ್ಟರೆ ಜರ್ಮನರು ಸ್ಪೇನ್ ಮೂಲಕ ಜಿಬ್ರಾಲ್ಟರಿಗೆ ಬರಬಹುದು. ಆದರೆ ನೌಕಾಪಡೆ ಇಡಿಯಾಗಿತ್ತು. ಲಿಬಿಯಾದಲ್ಲಿದ್ದ ಇಟಲಿಯ ಪಡೆ ಟ್ಯುನೀಷಿಯಾದ ಫ್ರೆಂಚರಿಗೂ ಈಜಿಪ್ಟಿನ ಬ್ರಿಟಿಷರಿಗೂ ನಡುವೆ ಸಿಕ್ಕಿಬೀಳುತ್ತಿತ್ತು. ಅಲ್ಲಿನ ಸೇನಾಧಿಪತಿ ನೋಗೆಸ್‌ಗೂ ಮೊದಲಿಗೆ ಯುದ್ಧ ಮುಂದುವರಿಸುವ ಮನಸ್ಸಿತ್ತು. ಫ್ರೆಂಚ್ ಹಡಗುಗಳು ಜರ್ಮನರ ಕೈಸೇರೀತೆಂಬ ಭಯದಲ್ಲಿ ಬ್ರಿಟಿಷರು ಹಾರಿಸಿದ ಗುಂಡಿಗೆ ಸುಮಾರು 1,300 ಫ್ರೆಂಚ್ ನಾವಿಕರು ಸತ್ತ, ಅಲ್ಜೀರಿಯಾದ ಮೆರ್ಸ್-ಎಲ್-ಕೆಬೀರ್ ಬಂದರಿನ ದುರಂತ ನಡೆಯುತ್ತಲೇ ಇರಲಿಲ್ಲ.

ಈಗ ರಾಜಕೀಯ. ಸರ್ಕಾರವೇ ಅಲ್ಜೀರಿಯಾದ ಅಲ್ಜಿಯರ್ಸ್‌ನಲ್ಲಿದ್ದರೆ, ಹೋರಾಟ ಮುಂದುವರಿಸಿ ಎಂದು ದ ಗಾಲ್ ಲಂಡನ್ನಿನಿಂದ ಕೊಟ್ಟ ಜೂನ್ 18ರ ರೇಡಿಯೋ ಕರೆಗೆ ಅರ್ಥವೇ ಇಲ್ಲ. ದ ಗಾಲ್ ಆಗಷ್ಟೇ ನೇಮಕಗೊಂಡಿದ್ದ ಒಬ್ಬ ಉಪಮಂತ್ರಿ. ಒಳ್ಳೆಯ ಸೇನಾನಿಯಾಗಿ ಹೆಸರು ಮಾಡುತ್ತಿದ್ದರು, ದೇಶದ ದನಿಯಾಗುತ್ತಿರಲಿಲ್ಲ. ಗಟ್ಟಿ ನಾಯಕನಾಗಿ ಏಳುತ್ತಿದ್ದವರು ಗೃಹಮಂತ್ರಿ ಝಾರ್ಜ್ ಮಾಂದೆಲ್ ಎಂಬುದು ನನ್ನ ಅಂದಾಜು. ನಿಜದಲ್ಲಿ 1944ರ ಜುಲೈನಲ್ಲಿ ವಿಶಿ ಸರ್ಕಾರದ ಅರೆಸೇನೆ ಮಿಲೀಸ್‌ನವರು ಅವರನ್ನು ಕೊಂದರು. ವಸಾಹತುಗಳೂ ಒಂದೊಂದಾಗಿ ಪಕ್ಷ ಆರಿಸಬೇಕಿರಲಿಲ್ಲ. ನಮ್ಮ ಪಕ್ಕದ ಪುದುಚೇರಿಯಲ್ಲಿ ಗವರ್ನರ್ ಬೊನ್‌ವಾಂ ಸೆಪ್ಟೆಂಬರ್‌ವರೆಗೆ ತೂಗಿನೋಡಿ ದ ಗಾಲ್ ಕಡೆ ವಾಲಿದ್ದರು.

ಜುಲೈ 10ರ ಮತದಾನ ಇಲ್ಲದಿದ್ದರೆ 1870ರಿಂದ ನಡೆದುಬಂದ ಮೂರನೇ ಗಣರಾಜ್ಯದ ಎಳೆ ಕಡಿಯುತ್ತಿರಲಿಲ್ಲ. 1945ರ ಜನಮತದಲ್ಲಿ ಶೇ. 96ಕ್ಕೂ ಹೆಚ್ಚು ಮಂದಿ ಹಳೆಯ ಸಂವಿಧಾನ ಬೇಡವೆಂದರು. ತನ್ನ ಕತ್ತನ್ನು ತಾನೇ ಕೊಯ್ದುಕೊಂಡ ವ್ಯವಸ್ಥೆಯ ಮೇಲಿನ ಸಿಟ್ಟು ಅದು. ಗೆದ್ದು ಪ್ಯಾರಿಸ್ಸಿಗೆ ಮರಳಿದ ಸಂಸತ್ತನ್ನು ಜನ ತಿದ್ದುತ್ತಿದ್ದರು, ಕಿತ್ತೆಸೆಯುತ್ತಿರಲಿಲ್ಲ.

ಇದನ್ನು ಬಂಗಾರದ ಕನಸು ಮಾಡುವವರ ಜೊತೆ ನನಗೆ ಜಗಳವಿದೆ. ಅಲ್ಜೀರಿಯಾದ ಯಹೂದಿಗಳು 1940ರ ಅಕ್ಟೋಬರ್‌ನಲ್ಲಿ ಪೌರತ್ವ ಕಳೆದುಕೊಳ್ಳುತ್ತಿರಲಿಲ್ಲ, ನಿಜ. ಆದರೆ ಫ್ರಾನ್ಸಿನ ನೆಲವೆಲ್ಲ ನೇರ ಜರ್ಮನ್ ಆಳ್ವಿಕೆಗೆ ಬೀಳುತ್ತಿತ್ತು. ಅಂಥ ಆಳ್ವಿಕೆಯಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ ಸುಮಾರು 1,40,000 ಯಹೂದಿಗಳ ಪೈಕಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಫ್ರಾನ್ಸಿನಿಂದ ಗಡೀಪಾರಾದವರು ಸುಮಾರು 76,000. ವಿಶಿಯ ಪೊಲೀಸರು ಆ ಪಾಪದಲ್ಲಿ ಪಾಲುದಾರರು, ಅದನ್ನು ಯಾವ ಲೆಕ್ಕವೂ ತೊಳೆಯದು. ಹಾಗೆಂದು ವಿಶಿ ಇಲ್ಲದಿದ್ದರೆ ಹೆಚ್ಚು ಜನ ಉಳಿಯುತ್ತಿದ್ದರು ಎನ್ನಲು ನನ್ನ ಬಾಯಿ ಬಾರದು.

ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧವೂ ತಪ್ಪುತ್ತಿರಲಿಲ್ಲ. 1958ರ ಮೇನಲ್ಲಿ ಅಲ್ಲಿ ನೆಲೆಸಿದ್ದ ಯುರೋಪಿಯನ್ ವಲಸಿಗರೂ ಸೇನೆಯೂ ತಿರುಗಿಬಿದ್ದಾಗ ಇಬ್ಬರೂ ನಂಬಿದ ದ ಗಾಲ್ ಇದ್ದರು, ನಾಲ್ಕು ವರ್ಷಗಳ ಬಳಿಕ ಅಲ್ಜೀರಿಯಾವನ್ನು ಬಿಟ್ಟುಕೊಟ್ಟದ್ದೂ ಅವರ ಸರ್ಕಾರವೇ. ದ ಗಾಲ್ ದೇಶದ ದನಿಯಾಗದ ಫ್ರಾನ್ಸಿನಲ್ಲಿ ಆ ಸಹಿ ಹಾಕಿ ದಕ್ಕಿಸಿಕೊಳ್ಳುವವರು ಯಾರು? ನನಗೆ ಯಾರೂ ಕಾಣುವುದಿಲ್ಲ.

ರೆನೋ ಮಾತ್ರ ನಿಜದ ಇತಿಹಾಸದಲ್ಲೂ ಮತ್ತೆ ಎದ್ದುನಿಂತರು. 1962ರ ಅಕ್ಟೋಬರ್‌ನಲ್ಲಿ, ರಾಷ್ಟ್ರಪತಿಯನ್ನು ಜನರೇ ನೇರ ಆರಿಸಬೇಕೆಂದು ದ ಗಾಲ್ ಹೊರಟಾಗ, ಸಂಸತ್ತಿನ ಹಕ್ಕಿಗಾಗಿ ಸದನದಲ್ಲಿ ವಾದಿಸಿದರು. ಅವಿಶ್ವಾಸಕ್ಕೆ 280 ಮತ ಬಿದ್ದು ಪ್ರಧಾನಿ ಪಾಂಪಿಡೂ ಸರ್ಕಾರ ಉರುಳಿತು. ಜನಮತದಲ್ಲಿ ಗೆದ್ದದ್ದು ದ ಗಾಲ್. ನವೆಂಬರ್ ಚುನಾವಣೆಯಲ್ಲಿ ರೆನೋ ತಮ್ಮ ಸ್ಥಾನವನ್ನೇ ಕಳೆದುಕೊಂಡರು.